ಗಂಟಲಲ್ಲಿ ಉಳಿದ ಹೆಸರು

ಅಸ್ಸೀರಿಯ ನಾಡಿನ ಕಲ್ಹು ಪಟ್ಟಣದಲ್ಲಿ ಅರಮನೆಯ ಉಣ್ಣೆ ಉಗ್ರಾಣದ ಹಿಂದೆ ಒಂದು ಉದ್ದನೆಯ ಕೋಣೆಯಿತ್ತು. ಅಲ್ಲಿ ಗೇರಾ ಎಂಬ ಬರಹಗಾರ ಹದಿನಾರು ವರ್ಷ ಒಂದೇ ಚಾಪೆಯ ಮೇಲೆ ಕೂತು ಕೆಲಸ ಮಾಡಿದ. ಅವನ ಎಡಗಡೆಗೆ ಮುಸೇಜಿಬ್ ಕೂರುತ್ತಿದ್ದ. ಮುಸೇಜಿಬ್‌ನದು ಮಣ್ಣಿನ ಬರಹ. ಹಸಿ ಜೇಡಿಯ ಹಲಗೆಯ ಮೇಲೆ ಜೊಂಡಿನ ಕಡ್ಡಿ ಒತ್ತಿ ಒತ್ತಿ ಅಸ್ಸೀರಿಯದ ನುಡಿಯನ್ನು ಮೂಡಿಸುವುದು ಅವನ ಕಸುಬು. ಗೇರಾನದು ಮಸಿಯ ಬರಹ. ಅದೇ ಸಂಗತಿಯನ್ನು ತೊಗಲಿನ ಸುರುಳಿಯ ಮೇಲೆ ಅರಾಮಿ ನುಡಿಯಲ್ಲಿ ಬರೆಯುವುದು. ಅರಸನ ಆಳುಗಳಲ್ಲಿ ಅರ್ಧಕ್ಕರ್ಧ ಜನ ಅರಾಮಿ ಆಡುವವರಾದ್ದರಿಂದ ಅರಮನೆಯ ಎಲ್ಲ ಸಂಗತಿಯನ್ನೂ ಎರಡೆರಡು ಸಲ ಬರೆಯಬೇಕಿತ್ತು.

ಗೇರಾನ ಸ್ವಂತ ನುಡಿ ಈ ಎರಡೂ ಅಲ್ಲ. ಅವನ ಊರು ಪಡುವಣದಲ್ಲಿ, ಯೂಫ್ರೆಟಿಸ್ ಹೊಳೆಯನ್ನು ದಾಟಿ ತಿಂಗಳುಗಟ್ಟಲೆ ನಡೆಯುವಷ್ಟು ದೂರದಲ್ಲಿ, ಬೆಟ್ಟದ ನೆತ್ತಿಯ ಮೇಲಿತ್ತು. ಊರಿನವರು ಅದನ್ನು ಶೋಮ್ರೋನ್ ಎನ್ನುತ್ತಿದ್ದರು. ಗೆದ್ದ ಅಸ್ಸೀರಿಯದವರ ಬಾಯಲ್ಲಿ ಅದು ಸಮೇರಿನಾ ಆಯಿತು. ಊರು ಬಿದ್ದ ವರ್ಷ ಜನರನ್ನು ಸಾಲುಸಾಲಾಗಿ ಕಿತ್ತು ಮೂಡಣಕ್ಕೆ ನಡೆಸಿದರು. ಆಗ ಗೇರಾಗೆ ಹದಿನೆಂಟು, ಅವನ ತಂಗಿಗೆ ಎಂಟು.

ತಂಗಿಯನ್ನು ಹೆತ್ತ ದಿನವೇ ಅವರ ತಾಯಿ ತೀರಿಕೊಂಡಿದ್ದಳು. ಅಪ್ಪ ದುಃಖದಲ್ಲಿ ಕೂಸಿಗೆ ಅಜೂಬಾ ಎಂದು ಹೆಸರಿಟ್ಟ. ಅವರ ನುಡಿಯಲ್ಲಿ ಹಾಗೆಂದರೆ ಬಿಟ್ಟುಹೋದ ಮಗು, ಕೈಬಿಡಲ್ಪಟ್ಟವಳು. ಆ ಹೆಸರಿನ ಮೊದಲ ಅಕ್ಷರ ಬರಿಯ 'ಅ' ಅಲ್ಲ. ಗಂಟಲಿನ ತೀರ ಆಳದಲ್ಲಿ ಏನೋ ಸಿಕ್ಕಿಕೊಂಡು ಬಿಡಿಸಿಕೊಂಡಂತೆ ಒಂದು ಸದ್ದು ಹೊರಟು, ಅದರ ಬೆನ್ನಿಗೆ 'ಅ' ಬರಬೇಕು. ಶೋಮ್ರೋನಿನ ಮಕ್ಕಳಿಗೆ ಅದು ಎಳವೆಯಲ್ಲೇ ಬರುತ್ತಿತ್ತು. ಬೇರೆಯವರಿಗೆ ಜನ್ಮವಿಡೀ ಒದ್ದಾಡಿದರೂ ಬರುತ್ತಿರಲಿಲ್ಲ.

ಅಪ್ಪ ಮುತ್ತಿಗೆಯಲ್ಲಿ ಸತ್ತ. ದಾರಿಯುದ್ದಕ್ಕೂ ಗೇರಾ ತಂಗಿಯನ್ನು ಹೆಗಲ ಮೇಲೆ ಹೊತ್ತ, ಹೆಗಲು ಸೋತಾಗ ಕೈ ಹಿಡಿದು ನಡೆಸಿದ. ಯೂಫ್ರೆಟಿಸ್ ದಂಡೆಗೆ ಬಂದಾಗ ದೋಣಿ ಹತ್ತಿಸುವ ಮೊದಲು ಸಿಪಾಯಿಯೊಬ್ಬ ಅರಾಮಿಯಲ್ಲಿ ಕೂಗಿದ: "ಅಕ್ಷರ ಬಲ್ಲವರು ಯಾರಿದ್ದೀರಿ? ಕೈ ಎತ್ತಿ."

ಗೇರಾನ ಅಪ್ಪ ಊರಿನ ಉಗ್ರಾಣದಲ್ಲಿ ಎಣ್ಣೆಯ ಗಡಿಗೆಗಳಿಗೆ ಮಸಿಯಲ್ಲಿ ಗುರುತು ಬರೆಯುತ್ತಿದ್ದವನು. ಮಗನಿಗೂ ಕಲಿಸಿದ್ದ. ಅಕ್ಷರ ಬಲ್ಲವರಿಗೆ ಊಟವಾದರೂ ಸರಿಯಾಗಿ ಸಿಗಬಹುದು, ತಂಗಿಗೂ ಒಂದು ತುತ್ತು ಕೊಡಬಹುದು ಎಂದು ಗೇರಾ ಕೈ ಎತ್ತಿದ. ಎತ್ತಿದ್ದು ತಂಗಿಯ ಕೈ ಹಿಡಿದಿದ್ದ ಕೈಯನ್ನೇ. ಇನ್ನೊಂದರಲ್ಲಿ ಗಂಟಿತ್ತು. ಮರುಗಳಿಗೆಯಲ್ಲೇ ಅವನ ತೋಳು ಹಿಡಿದು ಮುಂದಿನ ದೋಣಿಗೆ ತಳ್ಳಿದರು. ತಿರುಗಿ ನೋಡಿದರೆ ಜನವೋ ಜನ. ನಾಲ್ಕು ಗೇಣಾದರೂ ಎತ್ತರವಿದ್ದ ಹುಡುಗಿಯರನ್ನೆಲ್ಲ ಬೇರೆ ಸಾಲಿಗೆ ಕರೆದೊಯ್ಯುತ್ತಿದ್ದರು. "ನೀನು ಅಲ್ಲೇ ಇರು, ಬರ್ತೀನಿ" ಎಂದು ಅವನು ದೋಣಿಯಿಂದ ಕೂಗಿದ. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಅವರ ನುಡಿಯಲ್ಲಿ ಗಂಡಸಿಗೆ ಹೇಳುವ 'ನೀನು' ಬೇರೆ, ಹೆಂಗಸಿಗೆ ಹೇಳುವ 'ನೀನು' ಬೇರೆ. ಹೆಂಗಸಿಗಾದರೆ 'ಅತ್ತೀ' ಎನ್ನಬೇಕು. ಕಲ್ಹುವಿನ ರಥದ ಲಾಯದಲ್ಲಿ ಶೋಮ್ರೋನಿನ ನಾಲ್ಕೈದು ಮಂದಿ ಇದ್ದರು, ಎಲ್ಲ ಗಂಡಸರು. ಗೇರಾ ವಾರಕ್ಕೊಮ್ಮೆ ಹೋಗಿ ಅವರ ಜೊತೆ ಊರ ಮಾತು ಆಡಿ ಬರುತ್ತಿದ್ದ. ಆದರೆ ದೋಣಿಯಿಂದ ಕೂಗಿದ ಆ 'ಅತ್ತೀ' ಮಾತ್ರ ಅಂದಿನಿಂದ ಇಪ್ಪತ್ತು ವರ್ಷ ಅವನ ಬಾಯಿಗೆ ಬರುವ ಸಂದರ್ಭವೇ ಒದಗಲಿಲ್ಲ. ಅವನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಉಗ್ರಾಣಕ್ಕೆ ಉಣ್ಣೆ ತರುವ ಗಾಡಿಯವರನ್ನು, ಹರಾನ್ ಕಡೆಯ ಕುರುಬರನ್ನು, ಕಾವಲಿನವರನ್ನು, ಯಾರು ಬಂದರೂ ಅವನು ಹಿಡಿದು ನಿಲ್ಲಿಸುತ್ತಿದ್ದ. "ಅಜೂಬಾ ಅಂತ ಒಬ್ಬಳು. ಸಮೇರಿನಾದವಳು. ನೇಯ್ಗೆ ಮನೆಯಲ್ಲಿ ಇರಬಹುದು." ಗಂಟಲಿನ ಸದ್ದು ಕೇಳಿ ಜನ ಅವನಿಗೆ ಕೆಮ್ಮು ಬಂದಿದೆಯೆಂದು ತಿಳಿದು ನೀರು ಕೊಡಲು ಹೋಗುತ್ತಿದ್ದರು.

ಮುಸೇಜಿಬ್ ಅವನನ್ನು ಇದಕ್ಕೇ ರೇಗಿಸುತ್ತಿದ್ದ. ವಯಸ್ಸಿನಲ್ಲಿ ಹನ್ನೆರಡು ವರ್ಷ ದೊಡ್ಡವನು, ಕಲ್ಹುವಿನಲ್ಲೇ ಹುಟ್ಟಿ ಬೆಳೆದವನು, ಮಾತು ಚುರುಕು.

"ಏನಯ್ಯಾ ಗೇರಾ, ನಿಮ್ಮೂರಲ್ಲಿ ಮಕ್ಕಳಿಗೆ ಹೆಸರಿಡೋವಾಗ ಮೀನಿನ ಮುಳ್ಳು ನುಂಗಿಕೊಂಡು ಕೂರ್ತಾರಾ?"

"ನಿಮ್ಮ ಬಾಯಿಗೆ ಬರದೇ ಇರೋದಕ್ಕೆ ನಮ್ಮ ಹೆಸರು ಏನ್ ಮಾಡ್ತದೆ ಯಜಮಾನ್ರೇ? ನಿಮಗೆ 'ಶೋಮ್ರೋನ್' ಅನ್ನೋಕೇ ಬರಲ್ಲ. ಎಲ್ಲಿ 'ಶ' ಕಂಡ್ರೂ 'ಸ' ಮಾಡಿ ನುಂಗ್ತೀರಿ."

"ಬರೆಯೋವಾಗ ಸರಿಯಾಗೇ ಬರೀತೀವಿ. ನಾಲಿಗೆ ಸೋಮಾರಿ, ಅಷ್ಟೇ. ಬಾಬಿಲೋನಿನವರ ಹತ್ರ ಹೋಗು, ಅವರು 'ಮುಶೇಜಿಬ್, ಮುಶೇಜಿಬ್' ಅಂತ ನನ್ನ ಹೆಸರಿಗೆ ಗಾಳಿ ಊದಿ ಊದಿ ಕರೀತಾರೆ."

ಹೀಗೆ ನಗುತ್ತ ಕೆಲಸ ಸಾಗುತ್ತಿತ್ತು.

ಹೊಸ ಅರಸ ರಾಜಧಾನಿಯನ್ನು ನಿನೆವೆಗೆ ಸಾಗಿಸಲು ಹೊರಟ ವರ್ಷ ಕಲ್ಹುವಿನ ಬರಹಗಾರರಿಗೆ ಬಿಡುವಿಲ್ಲದಾಯಿತು. ಹಳೆಯ ಹಲಗೆಗಳನ್ನು ಇಟ್ಟಿದ್ದ ಮಣ್ಣಿನ ಕೋಣೆಯೊಂದು ಸೋರಿ, ಮೇಲಿನ ಸಾಲಿನ ಹಲಗೆಗಳು ಮೆತ್ತಗಾಗಿ ಕೆಸರಾಗತೊಡಗಿದ್ದವು. ಉಳಿದವನ್ನು ಓದಿಸಿ ತೊಗಲಿಗೆ ಇಳಿಸಬೇಕೆಂದು ಅಪ್ಪಣೆಯಾಯಿತು. ಮುಸೇಜಿಬ್ ಹಲಗೆ ಹಿಡಿದು ಗಟ್ಟಿಯಾಗಿ ಓದುವುದು, ಗೇರಾ ಬರೆಯುವುದು. ಮಣ್ಣಿನ ಬರಹ ಗೇರಾಗೆ ಓದಲು ಬರುತ್ತಿರಲಿಲ್ಲ.

ಮೂರನೆಯ ದಿನ ಮುಸೇಜಿಬ್ ಒಂದು ಹಲಗೆ ಎತ್ತಿಕೊಂಡು, ಅದರ ಮಣ್ಣು ಉಜ್ಜಿ, ಓದುವ ಮೊದಲು ಗೇರಾನ ಮುಖ ನೋಡಿದ.

"ಇದು ನಿಮ್ಮವರದ್ದು ಕಣಯ್ಯಾ. ಹೊಳೆ ದಾಟಿಸಿದ ಜನರ ಪಟ್ಟಿ. ಸಮೇರಿನಾ."

ಗೇರಾನ ಕೈಯಲ್ಲಿದ್ದ ಕಡ್ಡಿ ನಿಂತಿತು. "ಓದಿ" ಎಂದ.

ಮುಸೇಜಿಬ್ ಓದಿದ. ಮೊದಲ ಹೆಸರು 'ಆಉಸಿ'. ಎಣ್ಣೆ ಗಾಣದವನು, ಹೆಂಡತಿ, ಇಬ್ಬರು ಮಕ್ಕಳು. ಗೇರಾ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದ. ಆಉಸಿ ಎಂಬವರು ಅವನ ಊರಲ್ಲಿ ಯಾರೂ ಇರಲಿಲ್ಲ. ಗಾಣದವನು ಎಂದರೆ ಪಕ್ಕದ ಬೀದಿಯ ಹೋಶೇಅ. 'ಶ' ಹೋಗಿ 'ಸ' ಬಂದಿದೆ, ಮೊದಲಿನ ಹಕಾರ ಬಿದ್ದುಹೋಗಿದೆ. ಹೋಶೇಅನ ದಪ್ಪ ಹುಬ್ಬು, ಎಣ್ಣೆ ಹತ್ತಿದ ಬೆರಳು ಎಲ್ಲ ನೆನಪಿಗೆ ಬಂತು. ಹೀಗೆ ಒಂದೊಂದು ಹೆಸರನ್ನೂ ಅವನು ಸಿಪ್ಪೆ ಸುಲಿದು ಒಳಗಿನವರನ್ನು ಕಂಡುಹಿಡಿಯುತ್ತ ಹೋದ. ಕೆಲವರು ಸಿಕ್ಕರು. ಕೆಲವರು ಎಷ್ಟು ಸುಲಿದರೂ ಸಿಗಲಿಲ್ಲ.

ಎರಡು ದಿನದ ನಂತರ ಹುಡುಗಿಯರ ಹಲಗೆಗಳು ಬಂದವು. ನೇಯ್ಗೆ ಮನೆಗಳಿಗೆ ಕಳಿಸಿದವರು. ದೊಡ್ಡವರಿಗೆ ಬರಿ ಹೆಸರು, ಚಿಕ್ಕವರಿಗೆ ಹೆಸರಿನ ಪಕ್ಕದಲ್ಲಿ ಎತ್ತರ: ನಾಲ್ಕು ಗೇಣು, ಐದು ಗೇಣು. ಗೇರಾ ಬರೆಯುತ್ತಲೇ ಕಿವಿಗೊಟ್ಟು ಕೇಳಿದ. ಗಂಟಲ ಸದ್ದಿನ ಹೆಸರು ಬರುವುದೆಂದು ಕಾದ. ಅಸ್ಸೀರಿಯದವರು ಆ ಸದ್ದನ್ನು ಒಮ್ಮೊಮ್ಮೆ ಒರಟು 'ಹ' ಮಾಡಿ ಬರೆಯುವುದುಂಟೆಂದು ಅವನಿಗೆ ಗೊತ್ತಿತ್ತು. ಹಾಗಾಗಿ 'ಹಜೂಬಾ' ಎಂಬುದಕ್ಕೂ ಕಾದ. ಎಪ್ಪತ್ತನಾಲ್ಕು ಹೆಸರು ಬಂದವು. ಅಜೂಬಾ ಇಲ್ಲ, ಹಜೂಬಾ ಇಲ್ಲ.

ಕೊನೆಯ ಹಲಗೆಯನ್ನು ಕೆಳಗಿಟ್ಟು ಮುಸೇಜಿಬ್ ಕೈಯ ಮಣ್ಣು ಒರೆಸಿಕೊಂಡ. ಆಮೇಲೆ, "ಕೆಸರಾಗಿ ಹೋದವೂ ಇದಾವಲ್ಲ" ಎಂದ.

"ಹೌದು" ಎಂದ ಗೇರಾ. ಸುರುಳಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟ. ಅಂದು ಲಾಯದ ಕಡೆ ಹೋಗಲಿಲ್ಲ. ತಂಗಿಯ ಹೆಸರಿದ್ದ ಹಲಗೆ ನೀರಲ್ಲಿ ಕರಗಿತು ಎಂದೇ ಅವನ ಮನಸ್ಸು ನಂಬಿತು.

ಅದಾಗಿ ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನದ ಹೊತ್ತು. ಬಾರ್ಲಿಯ ರೊಟ್ಟಿ, ಈರುಳ್ಳಿ, ಒಂದು ಹೂಜಿ ಬಿಯರು ಇಟ್ಟುಕೊಂಡು ಇಬ್ಬರೂ ಗೋಡೆಯ ನೆರಳಲ್ಲಿ ಕೂತಿದ್ದರು. ಉಗ್ರಾಣದ ಅಳತೆಗಾರ ಕಕ್ಕುವೂ ಬಂದು ಸೇರಿಕೊಂಡ. ಅವನಿಗೆ ಮುಸೇಜಿಬ್‌ನನ್ನು ಕೆಣಕುವುದೆಂದರೆ ಇಷ್ಟ.

"ಅಲ್ಲಯ್ಯಾ, ನಿಮ್ಮಪ್ಪ ನಿನಗೆ ಬಿಡಿಸೋನು ಅಂತ ಹೆಸರಿಟ್ಟ. ಹುಟ್ಟಿದಾಗಿಂದ ಇಲ್ಲೀತನಕ ಯಾರನ್ನ ಯಾತರಿಂದ ಬಿಡಿಸಿದೀಯ ಹೇಳು ನೋಡೋಣ?"

"ನಿನ್ನ ಕೈಯಿಂದ ಈ ಹೂಜೀನ ಬಿಡಿಸ್ತೀನಿ, ಕೊಡು ಇಲ್ಲಿ" ಎಂದು ಮುಸೇಜಿಬ್ ಹೂಜಿ ಕಿತ್ತುಕೊಂಡ. ಆಮೇಲೆ ಪಾಠ ಹೇಳುವವನ ದನಿಯಲ್ಲಿ, "ಬಿಡಿಸೋನು ನಾನಲ್ಲ, ದೇವರು. ಅಸ್ಸೂರ್ ದೇವರು ಬಿಡಿಸ್ತಾನೆ ಅನ್ನೋದು ಪೂರ್ತಿ ಹೆಸರು. ಚಿಕ್ಕವರಿದ್ದಾಗ ಹಲಗೆ ಶಾಲೆಯಲ್ಲಿ ಇದನ್ನೇ ನೂರು ಸಲ ಬರೆಸಿದ್ರು. 'ಎಜಾಬು' ಅಂದ್ರೆ ಬಿಡೋದು. ಅದರ ಮುಂದೆ ಒಂದು 'ಸು' ಸೇರಿಸು, ಬಿಡಿಸೋದು ಆಯ್ತು. ಬೇರು ಒಂದೇ. ಬಿಟ್ಟೋಗೋನೂ ಅದೇ ಬೇರಿಂದ ಬರ್ತಾನೆ, ಬಿಡಿಸಿಕೊಂಡು ಬರೋನೂ ಅದೇ ಬೇರಿಂದ ಬರ್ತಾನೆ."

"ನೀನು ಯಾವನು?" ಎಂದ ಕಕ್ಕು.

"ನಾನು ಊಟ ಮಾಡೋನು."

ಕಕ್ಕು ನಕ್ಕ. ಗೇರಾ ನಗಲಿಲ್ಲ. 'ಎಜಾಬು' ಅವನಿಗೆ ಹೊಸ ಮಾತಲ್ಲ, ದಿನಕ್ಕೆ ಹತ್ತು ಸಲ ಕೇಳಿದ್ದು. ಗಾಡಿಯನ್ನು ಅಲ್ಲೇ ಬಿಡು, ಚೀಲವನ್ನು ಇಲ್ಲೇ ಬಿಡು. ಆದರೆ ಬೇರು ಎಂದು ಮುಸೇಜಿಬ್ ಅದನ್ನು ಬಿಡಿಸಿ ಮುಂದಿಟ್ಟಾಗ ಮೊದಲ ಸಲ ಅದು ಅವನಿಗೆ ಬತ್ತಲಾಗಿ ಕಂಡಿತು. ಅವನ ನುಡಿಯಲ್ಲಿ ಬಿಡು ಎಂಬುದಕ್ಕೆ 'ಅಜಬ್'. ಮೊದಲಿಗೆ ಗಂಟಲ ಸದ್ದು.

"ಯಜಮಾನ್ರೇ, ನಿಮ್ಮಲ್ಲಿ ಒಡೆಯನಿಗೆ 'ಬೇಲು' ಅಂತೀರಲ್ಲ?"

"ಅಂತೀವಿ. ಈಗ ಅದ್ಯಾಕೆ?"

"ನಮ್ಮಲ್ಲಿ 'ಬಅಲ್'. ಒಡೆಯ, ಗಂಡ, ಎರಡಕ್ಕೂ. ಮಧ್ಯೆ ಗಂಟಲ ಸದ್ದು ಇದೆ. ನಿಮಗೆ ಅದು ಬರಲ್ಲ. ಅದು ಹೋದ ಕಡೆ 'ಅ' ಇದ್ದಿದ್ದು 'ಎ' ಆಗಿದೆ." ಗೇರಾ ಬೆರಳು ಮಡಿಸಿ ಎಣಿಸುತ್ತಿದ್ದ. "ಬೀಜಕ್ಕೆ ನೀವು 'ಜೇರು' ಅಂತೀರಿ, ನಾವು 'ಜರಅ'. ಅಲ್ಲೂ ಅಷ್ಟೇ."

ಮುಸೇಜಿಬ್ ಈರುಳ್ಳಿ ಕಚ್ಚುವುದನ್ನು ನಿಲ್ಲಿಸಿದ. "ನಮ್ಮ ಮುತ್ತಜ್ಜಂದಿರಿಗೆ ಆ ಸದ್ದು ಇತ್ತು ಅಂತ ನಮ್ಮ ಗುರುಗಳು ಹೇಳ್ತಿದ್ರು. ಯಾವಾಗಲೋ ಕಳೆದುಕೊಂಡ್ವಂತೆ."

"ಬೇರೆಯವರು ಕೈಬಿಟ್ಟ ಗಂಡಸಿಗೆ ಏನಂತೀರಿ?"

"'ಎಜ್ಬು'."

"ಹೆಂಗಸಿಗೆ?"

"ಹೆಂಗಸಾದ್ರೆ ಕೊನೆಗೆ 'ತು' ಬರಬೇಕಲ್ಲ. 'ಎಜಿಬ್ತು'."

ಗೇರಾ ಎದ್ದ. ರೊಟ್ಟಿ ಮಡಿಲಿಂದ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಸುರುಳಿಯನ್ನು ನೆಲದ ಮೇಲೆ ಬಿಚ್ಚಿ, ಮಂಡಿಯೂರಿ ಬೆರಳಿಟ್ಟು ಹುಡುಕಿದ. ನಲವತ್ತೊಂದನೆಯ ಹೆಸರು. ಅವನದೇ ಮಸಿ, ಅವನದೇ ಕೈಬರಹ: ಎಜಿಬ್ತು, ಸಮೇರಿನಾದವಳು, ಐದು ಗೇಣು, ಅರ್ಬಾಯಿಲ್ ಊರಿನ ನೇಯ್ಗೆ ಮನೆಗೆ. ಹನ್ನೆರಡು ದಿನದ ಹಿಂದೆ ಅವನೇ ಕೇಳಿಸಿಕೊಂಡು, ಅವನೇ ಬರೆದು, ಮುಂದಿನ ಹೆಸರಿಗಾಗಿ ಕಿವಿ ಚಾಚಿ ದಾಟಿಹೋಗಿದ್ದ.

ಮುಸೇಜಿಬ್ ಹಿಂದೆಯೇ ಬಂದು ನಿಂತಿದ್ದ. ಅವನು ಮೂಲೆಗೆ ಹೋಗಿ ಹುಡುಗಿಯರ ಹಲಗೆ ಹುಡುಕಿ ತಂದು ಬಾಗಿಲ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಓದುವಾಗ ಅಕ್ಷರ ನೋಡಿದ್ದನೇ ಹೊರತು ಕೈ ಯಾರದೆಂದು ನೋಡಿರಲಿಲ್ಲ.

"ಗೇರಾ" ಎಂದ. "ಈ ಕೈ ನನ್ನದು."

ಗೇರಾಗೆ ಅರ್ಥವಾಗಲಿಲ್ಲ.

"ನನ್ನ ಗೆರೆ ಎಡಕ್ಕೆ ವಾಲ್ತದೆ. ನೋಡು. ಆ ವರ್ಷ ಹೊಳೆ ಹತ್ರ ನನ್ನನ್ನೂ ಕಳಿಸಿದ್ರು. ಯಾವ್ಯಾವ ಊರಿನವರನ್ನ ಬರೆದೆ ಅಂತ ಆಮೇಲೆ ನೆನಪಿಟ್ಟುಕೊಂಡಿರಲಿಲ್ಲ. ಚಪ್ಪರದ ಕೆಳಗೆ ಕೂತು ಬೆಳಗಿಂದ ಸಂಜೆತನಕ ಬರೆದಿದ್ದೆ. ಹೆಸರು ನನ್ನ ಬಾಯಿಗೆ ಬರದೇ ಇದ್ರೆ, ಅದರ ಅರ್ಥ ಏನು ಅಂತ ದುಭಾಷಿನ ಕೇಳಿ ನಮ್ಮ ಮಾತಲ್ಲಿ ಬರೆದುಬಿಡ್ತಿದ್ದೆ. ಬೇಗ ಆಗ್ತಿತ್ತು."

"ಅವಳು ಹೆಂಗಿದ್ಲು?"

"ನೆನಪಿಲ್ಲ."

"ಅಳ್ತಿದ್ಲಾ?"

"ಎಲ್ಲ ಮಕ್ಕಳೂ ಅಳ್ತಿದ್ರು ಕಣೋ. ನನಗೆ ನೆನಪಿಲ್ಲ."

ಗೇರಾ ಸುರುಳಿ ಸುತ್ತಿಟ್ಟು ಹೊರಗೆ ಹೋದ. ಅಂದಿನಿಂದ ಒಂಬತ್ತು ದಿನ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಗೇರಾಗೆ ಸಿಟ್ಟು ಯಾರ ಮೇಲೆ ಎಂಬುದೇ ಸ್ಪಷ್ಟವಾಗಲಿಲ್ಲ. ಮುಸೇಜಿಬ್ ಬರೆದದ್ದು ಸುಳ್ಳಲ್ಲ, ಹೆಸರಿನ ಅರ್ಥ ಅದೇ. ಆದರೆ ಎಂಟು ವರ್ಷದ ಹುಡುಗಿಯನ್ನು ಯಾರೋ 'ಎಜಿಬ್ತು' ಎಂದು ಕೂಗಿದಾಗ ಅದು ತನ್ನನ್ನೇ ಎಂದು ಅವಳಿಗೆ ತಿಳಿಯಲು ಎಷ್ಟು ದಿನ ಹಿಡಿದಿರಬೇಕು? 

ಹತ್ತನೆಯ ದಿನ ಮುಸೇಜಿಬ್ ಮುದ್ರೆ ಒತ್ತಿದ ಒಂದು ಚಿಕ್ಕ ಹಲಗೆಯನ್ನು ಅವನ ಮುಂದಿಟ್ಟ.

"ಅರ್ಬಾಯಿಲಿನ ನೇಯ್ಗೆ ಮನೆಗೆ ಉಣ್ಣೆ ಹೋಗೋದಿದೆ. ಜೊತೆಗೆ ಮಸಿ ಬರಹದವನೊಬ್ಬ ಬೇಕು ಅಂತ ಮೇಲಿನವರ ಹತ್ರ ಹೇಳಿದೆ. ಯಾಕೆ ಅಂತ ಕೇಳಿದ್ರು. ಹದಿನಾರು ವರ್ಷದಿಂದ ರಜೆ ಕೇಳದೇ ಇರೋ ಮನುಷ್ಯ ಅಂದೆ. ನಾಳಿದ್ದು ಗಾಡಿ ಹೊರಡ್ತದೆ."

ಗೇರಾ ಹಲಗೆ ತೆಗೆದುಕೊಂಡ. "ನೀವೂ ಬರ್ತೀರಾ?" ಎಂದು ಕೇಳಿದ.

ಮುಸೇಜಿಬ್ ತಲೆ ಅಲ್ಲಾಡಿಸಿದ. "ಅವಳ ಮುಖ ನೋಡೋ ಧೈರ್ಯ ನನಗಿಲ್ಲ. ನೀನು ಹೋಗು."

ಗಾಡಿ ಎರಡು ದಿನ ಹೋಗಿ ಜಾಬ್ ಹೊಳೆಯನ್ನು ತೊಗಲ ತೆಪ್ಪದಲ್ಲಿ ದಾಟಿತು. ಮತ್ತೊಂದು ದಿನ ಗೋಧಿ ಹೊಲಗಳ ನಡುವೆ ನಡೆದು, ದಿಬ್ಬದ ಮೇಲೆ ಇಷ್ಟಾರ್ ದೇವಿಯ ಗುಡಿ ಹೊತ್ತ ಅರ್ಬಾಯಿಲ್ ತಲುಪಿತು. ದಾರಿಯುದ್ದಕ್ಕೂ ಗೇರಾ ಬಾಯಲ್ಲಿ ಒಂದೇ ವಾಕ್ಯವನ್ನು ಕಟ್ಟುತ್ತ, ಕೆಡವುತ್ತ ಬಂದ. ತನ್ನ ನುಡಿಯಲ್ಲಿ ಹೆಂಗಸಿನ ಜೊತೆ ಮಾತಾಡುವಾಗ ಕ್ರಿಯಾಪದದ ತುದಿ ಹೇಗೆ ತಿರುಗುತ್ತದೆ ಎಂದು ಅವನಿಗೆ ಕೆಲವು ಕಡೆ ಅನುಮಾನ ಬಂತು. ಬಾ ಎನ್ನುವುದಕ್ಕೆ ಗಂಡಸಿಗೆ ಹೇಳುವ ರೂಪವೇ ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು.

ನೇಯ್ಗೆ ಮನೆಯ ಮೇಲ್ವಿಚಾರಕಿ ದಪ್ಪನೆಯ ಹೆಂಗಸು. ಗೇರಾನ ಹಲಗೆ ನೋಡಿ, ಅವನು ಕೇಳಿದ ಹೆಸರಿಗೆ, "ಎಜಿಬ್ತು ಅಂದ್ರ ಕೆಂಪು ಬಣ್ಣದಕಿ ಅಲ್ಲೇನ್ರೀ? ಬಣ್ಣದ ಕೊಪ್ಪರಿಗೆ ಹಂತ್ಯಾಕ ಅದಾಳ, ಹೋಗ್ರಿ" ಎಂದಳು. ಅರ್ಬಾಯಿಲಿನವರ ಮಾತಿನ ಎಳೆತವೇ ಬೇರೆ.

ಅಂಗಳದ ತುದಿಯಲ್ಲಿ ಮೂವರು ಹೆಂಗಸರು ನೆನೆದ ಉಣ್ಣೆಯ ಲಡಿಗಳನ್ನು ಕೋಲಿನಿಂದ ಎತ್ತಿ ಹಗ್ಗದ ಮೇಲೆ ಹಾಕುತ್ತಿದ್ದರು. ಗೇರಾ ಒಬ್ಬೊಬ್ಬರ ಮುಖವನ್ನೂ ನೋಡಿದ. ಗುರುತು ಹತ್ತಲಿಲ್ಲ. ಎಂಟು ವರ್ಷದ ಮುಖವನ್ನು ಇಪ್ಪತ್ತು ವರ್ಷ ಕಾದಿಟ್ಟುಕೊಂಡವನಿಗೆ ಇಪ್ಪತ್ತೆಂಟರ ಮುಖ ಹೇಗೆ ಗೊತ್ತಾಗಬೇಕು? ಕೊನೆಗೆ ಅವನು ಹೆಸರನ್ನೇ ಕರೆದ. ಎಜಿಬ್ತು ಎಂದಲ್ಲ. ಗಂಟಲಿನ ಆಳದಿಂದ, ಊರಲ್ಲಿ ಸಂಜೆ ಅವಳನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ, "ಅಜೂಬಾ" ಎಂದ.

ಇಬ್ಬರು ಅವನನ್ನು ವಿಚಿತ್ರವಾಗಿ ನೋಡಿದರು. ಮೂರನೆಯವಳ ಕೈಯಿಂದ ಕೋಲು ಜಾರಿತು. ಮೊಣಕೈತನಕ ಕೆಂಪು ಮೆತ್ತಿಕೊಂಡಿದ್ದವಳು. ಅವಳು ಹತ್ತಿರ ಬರಲಿಲ್ಲ. ಅಲ್ಲೇ ನಿಂತು, "ಯಾರ್ರೀ ನೀವು?" ಎಂದಳು. "ಇನ್ನೊಮ್ಮೆ ಅನ್ರಿ ಅದನ್ನ."

ಅವನು ಮತ್ತೆ ಅಂದ. ಅವಳು ಬಾಯಿ ತೆರೆದು ಅದನ್ನು ಹಾಗೆಯೇ ಹೇಳಲು ನೋಡಿದಳು. ಬರಿಯ 'ಅ' ಬಂತು. ಇನ್ನೊಮ್ಮೆ ನೋಡಿದಳು. ಮತ್ತೆ ಬರಿಯ 'ಅ'. ಗಂಟಲು ಮುಟ್ಟಿಕೊಂಡಳು, ಕೆಂಪು ಬೆರಳಿನ ಗುರುತು ಕುತ್ತಿಗೆಯ ಮೇಲೆ ಉಳಿಯಿತು.

ಗೇರಾ ಊರಿನ ದ್ರಾಕ್ಷಿ ಬಳ್ಳಿಗಳ ಮಾತು, ಅಪ್ಪನ ಮಾತು, ಹೊಳೆಯ ದಂಡೆಯ ಮಾತು ಎಲ್ಲವನ್ನೂ ತನ್ನ ನುಡಿಯಲ್ಲಿ ಒಂದೇ ಉಸಿರಿಗೆ ಹೇಳತೊಡಗಿದ. ಅವಳು ಕಣ್ಣು ಕಿರಿದು ಮಾಡಿ ಕೇಳಿದಳು, ದೂರದಿಂದ ಬರುವ ಮಾತನ್ನು ಹಿಡಿಯುವವಳ ಹಾಗೆ.

"ನಂಗ ತಿಳೀವಲ್ದ್ರೀ" ಎಂದಳು. "ಸ್ವಲ್ಪ ಸ್ವಲ್ಪ ತಿಳೀತೈತಿ, ಆದ್ರ ಜಾರಿ ಹೊಕ್ಕೈತಿ. ನಮ್ಮ ಮಾತ್ನ್ಯಾಗ ಹೇಳ್ರಿ."

ಅವನು ಅಸ್ಸೀರಿಯದ ನುಡಿಯಲ್ಲಿ ಹೇಳಿದ. ದೋಣಿ, ಸಿಪಾಯಿ, ಕೈ ಎತ್ತಿದ್ದು. ಯಾವುದನ್ನೂ ಮುಚ್ಚಿಡಲಿಲ್ಲ. "ನಿನ್ನ ಕೈ ಹಿಡಿದಿದ್ದ ಕೈನೇ ಎತ್ತಿದೆ" ಎಂದ.

ಅವಳು ಬಿದ್ದ ಕೋಲನ್ನು ಎತ್ತಿ ಕೊಪ್ಪರಿಗೆಗೆ ಒರಗಿಸಿದಳು. ಆಮೇಲೆ ಹೇಳಿದಳು: "ನಂಗ ನೀರು ಅಷ್ಟ ನೆನಪೈತ್ರೀ. ಭಾಳ ನೀರು. ಯಾರೋ ಒಬ್ರು ನನ್ನ ಹೊತ್ಕೊಂಡಿದ್ರು ಅನ್ನೋದು ನೆನಪೈತಿ, ಮುಖ ನೆನಪಿಲ್ಲ. ನಮ್ಮಪ್ಪ ಅಂತ ತಿಳ್ಕೊಂಡಿದ್ದೆ."

"ಅದು ನಾನು" ಎಂದ ಗೇರಾ. ಆಮೇಲೆ ತನಗೇ ಗೊತ್ತಿಲ್ಲದೆ ಅವಳತ್ತ ಬೊಟ್ಟು ಮಾಡಿ, "ಅತ್ತೀ" ಎಂದ. ನೀನು.

ಆ ಮಾತು ಅವಳಿಗೆ ತಟ್ಟನೆ ತಿಳಿಯಿತು. ಹೆಂಗಸಿಗೆ ಹೇಳುವ 'ನೀನು' ಅಸ್ಸೀರಿಯದ ನುಡಿಯಲ್ಲೂ ಅದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳು ಮುಂದೆ ಬಂದು ಅವನ ತೋಳು ಹಿಡಿದು "ಅಹೀ" ಎಂದಳು. ಅಣ್ಣಾ ಎಂದು. ಅಂಗಿಯ ತೋಳೆಲ್ಲ ಕೆಂಪಾಯಿತು.

ಆದರೆ ಆ ಮಾತೂ ಎರಡು ನುಡಿಗಳಲ್ಲಿ ಒಂದೇ ತೆರ. ಅಸ್ಸೀರಿಯದಲ್ಲಿ ದಾರಿಹೋಕರನ್ನೂ ಮರ್ಯಾದೆಗೆ ಅಹೀ ಎಂದು ಕರೆಯುವುದುಂಟು. ಅವಳು ಹಳೆಯ ನುಡಿಯಲ್ಲಿ ಅಂದಳೋ, ಹೊಸ ನುಡಿಯಲ್ಲಿ ಅಂದಳೋ? ಗೇರಾ ಕೇಳಲಿಲ್ಲ. ಕೇಳಿದ್ದರೂ ಅವಳಿಗೇ ಗೊತ್ತಿರುತ್ತಿರಲಿಲ್ಲ. ಅವನು ಮಾತ್ರ ಆ ಒಂದು ಮಾತನ್ನು ಎಷ್ಟೋ ವರ್ಷ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಅವಳಿಗೆ ಮದುವೆಯಾಗಿತ್ತು. ಗಂಡನ ಹೆಸರು ಉರ್ದಾ, ಬಟ್ಟೆ ತುಳಿದು ಹದಮಾಡುವವನು, ಮಾತು ಕಡಿಮೆ. ಏಳು ವರ್ಷದ ಮಗಳಿದ್ದಳು, ದಮ್ಕಾಯ. ನೇಯ್ಗೆ ಮನೆಯವರು ಊರು ಬಿಟ್ಟು ಹೋಗುವಂತಿರಲಿಲ್ಲ. ಹೋಗಬೇಕೆಂದು ಅವಳಿಗೆ ಆಸೆಯೂ ಇರಲಿಲ್ಲ. ಗೇರಾ ನಾಲ್ಕು ದಿನ ಅವರ ಮನೆಯಲ್ಲಿ ಉಳಿದ. ಹೊರಡುವಾಗ ಅವಳು ಎಳ್ಳಿನ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. "ಮತ್ತ ಬರ್ತೀರಿಲ್ಲೋ?" ಎಂದು ಕೇಳಿದಳು.

ಕಲ್ಹುವಿಗೆ ಮರಳಿದಾಗ ಮುಸೇಜಿಬ್ ಚಾಪೆಯಿಂದ ಎದ್ದು ನಿಂತ.

"ಇದ್ದಾಳಾ?"

"ಇದ್ದಾಳೆ. ಚೆನ್ನಾಗಿದ್ದಾಳೆ. ಕೆಂಪು ಬಣ್ಣ ಹಾಕೋದ್ರಲ್ಲಿ ಅವಳಷ್ಟು ಕೈ ಕುದುರಿದೋರು ಇಲ್ಲವಂತೆ."

ಮುಸೇಜಿಬ್ ಕೂತ. ಮುಖವನ್ನು ಎರಡೂ ಅಂಗೈಯಲ್ಲಿ ಉಜ್ಜಿಕೊಂಡ. "ನನ್ನ ಬಗ್ಗೆ ಹೇಳಿದೆಯಾ?"

"ಹೇಳಿದೆ. ಆ ಹೆಸರಿಟ್ಟವರನ್ನ ಒಂದ್ಸಲ ನೋಡಬೇಕಿತ್ತು ಅಂದ್ಲು."

"ಬೈಯೋಕಾ?"

"ಅದನ್ನ ಹೇಳಲಿಲ್ಲ."

ಮುಸೇಜಿಬ್ ಕೊನೆಗೂ ಹೋಗಲಿಲ್ಲ. ನಿನೆವೆಗೆ ವರ್ಗವಾದ ಎರಡನೆಯ ವರ್ಷ ಜ್ವರ ಬಂದು ತೀರಿಕೊಂಡ. ಗೇರಾ ನಿನೆವೆಗೆ ಹೋಗುವುದನ್ನು ತಪ್ಪಿಸಿಕೊಂಡು, ಕೆಳಗಿನ ಹುದ್ದೆಯಾದರೂ ಸರಿ ಎಂದು ಅರ್ಬಾಯಿಲಿನ ಗುಡಿಯ ಉಗ್ರಾಣಕ್ಕೆ ಕೇಳಿ ಹಾಕಿಸಿಕೊಂಡ. ಅದಕ್ಕೆ ನಾಲ್ಕು ವರ್ಷ ಅರ್ಜಿ ಹಾಕಬೇಕಾಯಿತು.

ಅಲ್ಲಿ ಚರ್ಮ ಹದಮಾಡುವವರ ಬೀದಿಯಲ್ಲಿ ಒಂದು ಕೋಣೆ ಹಿಡಿದ. ದಮ್ಕಾಯ ಸೋದರಮಾವನ ಉಚ್ಚಾರ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು, ಅವನ ಹಾಗೆ ಮಾತಾಡಿ ಗೆಳತಿಯರಿಗೆ ತೋರಿಸುತ್ತಿದ್ದಳು. ತಂಗಿಗೆ ಹಳೆಯ ನುಡಿಯನ್ನು ಮತ್ತೆ ಕಲಿಸಬೇಕೆಂದು ಅವನು ಒಂದು ಚಳಿಗಾಲ ಪ್ರಯತ್ನಿಸಿದ. ಅವಳು ಒಳ್ಳೆಯ ಮನಸ್ಸಿನಿಂದಲೇ ಕೂತು ಕೇಳಿದಳು. ನಾಲಿಗೆ ಒಪ್ಪಲಿಲ್ಲ. ಒಂದು ದಿನ ಅವಳೇ ಹೇಳಿದಳು:

"ನಂಗಿದು ಬರೂದಿಲ್ಲ ಅಣ್ಣ. ಬಿಡು. ನೀ ನಿನ್ನ ಮಾತ್ನ್ಯಾಗ ಹೇಳ್ಕೋತ ಹೋಗು, ನಾ ಕೇಳ್ತೀನಿ. ಅರ್ಧ ನಮ್ಮ ಮಾತ ಅದಾವ, ಅರ್ಧ ನಿನ್ನ ಮುಖಾ ನೋಡಿ ತಿಳ್ಕೋತೀನಿ."

ಹಾಗೇ ಆಯಿತು. ವಾರಕ್ಕೊಮ್ಮೆ ಮಧ್ಯಾಹ್ನ ಗೇರಾ ಅಂಗಳದಲ್ಲಿ ಕೂತು ಹೇಳುತ್ತಿದ್ದ, ಅವಳು ಉಣ್ಣೆ ಬಿಡಿಸುತ್ತ ಕೇಳುತ್ತಿದ್ದಳು. ಅವನಿಗೆ ಬೇಕಾಗಿದ್ದುದು ಇದಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವನಿಗೆ ಬೇಕಾಗಿದ್ದುದು ಉತ್ತರ. ಆಗ ಊರಲ್ಲಿ ಹಗಲು ಮುಗಿಯುವವರೆಗೆ ಹಿಂದೆ ಮುಂದೆ ಸುತ್ತುತ್ತ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅವನ ತಲೆ ತಿನ್ನುತ್ತಿದ್ದ ಆ ಪುಟ್ಟ ಬಾಯಿಯ ಮಾತು ಎಲ್ಲೂ ಇರಲಿಲ್ಲ. ಎದುರಿಗಿದ್ದ ಹೆಂಗಸು ಪ್ರೀತಿಯಿಂದ ಅವನ ಬಟ್ಟಲಿಗೆ ಬೇಳೆ ಸಾರು ಬಡಿಸುತ್ತಿದ್ದಳು. ಅವಳ ಮೇಲೂ ಅವನಿಗೆ ಪ್ರೀತಿಯೇ. ಆದರೂ ಕೆಲವು ದಿನ ಅವಳೆದುರು ಕೂತೇ ಅವನು ಅವಳಿಗಾಗಿ ಹಂಬಲಿಸುತ್ತಿದ್ದ.

ಒಂದು ದಿನ ಅವನು ಹಳೆಯ ಮನೆಯ ಸುದ್ದಿ ಹೇಳುತ್ತಿದ್ದಾಗ ಅವಳು ನಡುವೆ ತಡೆದು ಕೇಳಿದಳು: "ಅಣ್ಣ, ನಮ್ಮ ಮನಿ ಬಾಗ್ಲ ಯಾವ ಕಡೆ ಇತ್ತು?"

"ಮೂಡಣಕ್ಕೆ" ಎಂದ ಗೇರಾ, ಯೋಚಿಸದೆ.

ಅವಳು ಸಮಾಧಾನದಿಂದ ತಲೆದೂಗಿ ಮತ್ತೆ ಉಣ್ಣೆಗೆ ಕೈ ಹಾಕಿದಳು. ತನ್ನ ಕೋಣೆಗೆ ಮರಳುವ ದಾರಿಯಲ್ಲಿ ಅವನು ಆ ಬಾಗಿಲನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದ. ಬಾಗಿಲು ಕಂಡಿತು, ಅದರ ಮುಂದಿನ ಅಂಜೂರದ ಗಿಡವೂ ಕಂಡಿತು. ಆದರೆ ಅಂಜೂರದ ಗಿಡ ಇದ್ದದ್ದು ಗಾಣದ ಹೋಶೇಅನ ಮನೆಯ ಮುಂದೆ ಅಲ್ಲವೇ? ಹಾಗಾದರೆ ಮೂಡಣದ ಬಾಗಿಲು ಯಾರದು? ಚರ್ಮದ ಬೀದಿಯ ತಿರುವಿನಲ್ಲಿ ಅವನು ಸ್ವಲ್ಪ ಹೊತ್ತು ನಿಂತ. ಮುಂದಿನ ವಾರ ಹೋದಾಗ ಅವಳು ದಮ್ಕಾಯಗೆ ಹೇಳುತ್ತಿದ್ದಳು, "ನಮ್ಮ ಮನಿ ಮೂಡಣಕ್ಕ ಇತ್ತು, ಬೆಳಿಗ್ಗೆ ಎದ್ದ ಕೂಡ್ಲೇ ಬಿಸ್ಲು ಬರ್ತಿತ್ತು" ಎಂದು. ಗೇರಾ ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ. ಅವಳ ಮಾತನ್ನು ತಿದ್ದಲಿಲ್ಲ.